ಮಧ್ಯಾಹ್ನ ಎರಡರ ತೇವ

ಪ್ಲಂಕೆಟ್ ಕಣಿವೆಯ ಬೆಂಕಿ ದಳಕ್ಕೆ ಏಪ್ರಿಲ್‌ನಲ್ಲಿ ಒಂದು ಮೆಷಿನ್ ಬಂತು. ಬಂದ ದಿನದಿಂದಲೇ ಆರ್ಡಿತ್‌ಗೆ ಅದನ್ನು ಕಂಡರೆ ಆಗುತ್ತಿರಲಿಲ್ಲ. ಮೂರು ಕಾಲಿನ ಕಂಬ, ತಲೆಯ ಮೇಲೆ ಗಿರಗಿರ ತಿರುಗುವ ಬಟ್ಟಲುಗಳು, ಸೊಂಟಕ್ಕೊಂದು ಬಿಳಿ ಡಬ್ಬ. ಗಾಳಿ ಎಷ್ಟಿದೆ, ಬಿಸಿ ಎಷ್ಟಿದೆ, ಗಾಳಿಯಲ್ಲಿ ತೇವ ಎಷ್ಟಿದೆ, ಮಳೆ ಎಷ್ಟು ಬಿತ್ತು ಅಂತ ತಾನೇ ಅಳೆದುಕೊಂಡು, ಯಾರಾದರೂ ಫೋನ್ ಮಾಡಿದರೆ ಹೆಂಗಸಿನ ದನಿಯಲ್ಲಿ ತಾನೇ ಹೇಳುತ್ತಿತ್ತು. ಆ ಹೆಂಗಸಿಗೆ ಕೆಮ್ಮಿಲ್ಲ, ನೆಗಡಿಯಿಲ್ಲ. ನಿಮ್ಮ ಹೆಂಡತಿಯ ಮಂಡಿನೋವು ಹೇಗಿದೆ ಅಂತಲೂ ಅವಳು ಕೇಳುವುದಿಲ್ಲ.

ಮೂವತ್ತೊಂದು ವರ್ಷ ಈ ಕೆಲಸ ಆರ್ಡಿತ್‌ಳದು. ದಿನಾ ಮಧ್ಯಾಹ್ನ ಸರಿಯಾಗಿ ಎರಡು ಗಂಟೆಗೆ, ದಿನದಲ್ಲೇ ಅತಿ ಒಣಗಿದ ಹೊತ್ತಿಗೆ, ಅವಳು ದಳದ ಶೆಡ್ಡಿನ ಮುಂದೆ ರಸ್ತೆಯಲ್ಲಿ ನಿಲ್ಲುತ್ತಿದ್ದಳು. ಕೈಯಲ್ಲಿ ಗಿಲಕಿಯ ಹಾಗೆ ಹಿಡಿಯಿರುವ ಒಂದು ಹಲಗೆ, ಅದರಲ್ಲಿ ಎರಡು ಥರ್ಮಾಮೀಟರು, ಒಂದಕ್ಕೆ ಒದ್ದೆ ಬಟ್ಟೆಯ ಕಾಲುಚೀಲ. ಅದನ್ನು ತಲೆಯ ಮೇಲೆ ಗರಗರನೆ ತಿರುಗಿಸಿ, ಎರಡರ ನಡುವಿನ ಅಂತರ ನೋಡಿ, ಗಾಳಿಯಲ್ಲಿ ನೂರಕ್ಕೆ ಎಷ್ಟು ತೇವ ಅಂತ ಹೇಳುತ್ತಿದ್ದಳು. ಹೊಸ ಲಾರಿಯವರು ಈ ಮುದುಕಿ ಏನೋ ಆಪತ್ತಿನಲ್ಲಿದ್ದಾಳೆ ಅಂತ ಬ್ರೇಕ್ ಹಾಕಿದ್ದೂ ಉಂಟು. ತೇವ ಮೂವತ್ತಕ್ಕಿಂತ ಕೆಳಗಿದ್ದರೆ ಆ ದಿನ ಯಾರೂ ಹೊಲದಲ್ಲಿ ಬೆಂಕಿ ಹಚ್ಚುವ ಹಾಗಿಲ್ಲ. ರಸ್ತೆ ಬದಿಯ ಹಲಗೆಯಲ್ಲಿ ಹಸಿರಿನಿಂದ ಕೆಂಪಿನವರೆಗೆ ಐದು ಬಣ್ಣ, ಒಂದು ಮುಳ್ಳು. ಆ ಮುಳ್ಳನ್ನು ತಿರುಗಿಸುವವಳೂ ಅವಳೇ. ಮೂವತ್ತೊಂದು ವರ್ಷದಲ್ಲಿ ಒಂದು ಸಲವೂ ಅವಳು ಅಂದಾಜಿನ ಮೇಲೆ ಸಂಖ್ಯೆ ಹೇಳಿದವಳಲ್ಲ. ಸ್ವಂತ ಗಂಡ ಕಾಲುವೆಯ ಕಳೆ ಸುಡಬೇಕು, ಇಪ್ಪತ್ತೊಂಬತ್ತನ್ನು ಮೂವತ್ತು ಮಾಡೇ ಅಂತ ಗೋಗರೆದಾಗಲೂ ಆಗಲ್ಲ ಅಂದವಳು. ಆ ಮನುಷ್ಯ ಸಾಯುವವರೆಗೂ ಅದನ್ನು ಹೇಳಿ ಹೇಳಿ ನಗುತ್ತಿದ್ದ.

ದಳದ ಮುಖ್ಯಸ್ಥ ಮರ್ಲ್ ಅವಳ ತಂಗಿಯ ಮಗ. ಹೊಟ್ಟೆಪಾಡಿಗೆ ಸ್ಕೂಲ್ ಬಸ್ ಓಡಿಸುತ್ತಾನೆ. ಇಲ್ಲಿ ದಳ ಅಂದರೆ ಸಂಬಳವಿಲ್ಲದ ಹನ್ನೊಂದು ಜನ, ಹುಲ್ಲುಬೆಂಕಿಗೆ ಓಡುವ ಎರಡು ಹಳೇ ಗಾಡಿ, ಮತ್ತು ಒಂದು ಕಾಲದಲ್ಲಿ ಹಾಲು ಸಾಗಿಸುತ್ತಿದ್ದು ಈಗ ನೀರು ಸಾಗಿಸುವ ಟ್ಯಾಂಕರ್. ಬೆಂಕಿ ಆರಿಸುವುದು ವರ್ಷಕ್ಕೆ ಹತ್ತು ಸಲ. ಉಳಿದಂತೆ ಬಚ್ಚಲಲ್ಲಿ ಜಾರಿಬಿದ್ದವರನ್ನು ಎತ್ತುವುದು, ಹೊಗೆಗೂಡು ಉಜ್ಜುವ ಬ್ರಷ್ಷನ್ನು ಮನೆಮನೆಗೆ ಎರವಲು ಕೊಡುವುದು, ಬಾವಿ ಬತ್ತಿದವರ ತೊಟ್ಟಿಗೆ ನೀರು ತುಂಬುವುದು, ಮತ್ತು ರೈತ ಲೈಲ್‌ನ ಹೋರಿಯನ್ನು ಕಾಲುವೆಯಿಂದ ಮೇಲೆತ್ತುವುದು. ಆ ಹೋರಿ ಬೇಕಂತಲೇ ಬೀಳುತ್ತದೆ ಅಂತ ಊರಿನವರೆಲ್ಲ ನಂಬಿದ್ದಾರೆ.

ಮೆಷಿನ್ ನಿಲ್ಲಿಸೋಕೆ ಮರ್ಲ್ ಹುಡುಕಿದ ಜಾಗ ಆರ್ಡಿತ್‌ಳ ಕುದುರೆ ಮೆಂತ್ಯದ ಮೇವಿನ ಹೊಲದ ಅಂಚು. ಅಲ್ಲಿ ದಳಕ್ಕೆ ಸೇರಿದ ಸಣ್ಣ ತುಂಡು ನೆಲವಿತ್ತು. ಏಪ್ರಿಲ್‌ನ ಚಳಿ, ನೆಲ ಇನ್ನೂ ಗಟ್ಟಿ. ಹೊಲದ ನೀರಿನ ಪಿವಟ್ ದೂರದ ಮೂಲೆಯಲ್ಲಿ ಚಳಿಗಾಲದ ನಿದ್ದೆಯಲ್ಲಿತ್ತು. ಈ ಪಿವಟ್ ಅಂದರೆ ಗಾಲಿಗಳ ಮೇಲೆ ನಿಂತ ಕಾಲು ಮೈಲಿ ಉದ್ದದ ಕೊಳವೆ. ನೀರು ಚಿಮ್ಮುತ್ತಾ ಗಡಿಯಾರದ ಮುಳ್ಳಿನ ಹಾಗೆ ಹೊಲ ಸುತ್ತುತ್ತದೆ. ಒಂದು ಸುತ್ತಿಗೆ ಅರವತ್ತೆರಡು ಗಂಟೆ. ಅದರ ತುದಿಗೊಂದು ರೇನ್ ಗನ್, ನೂರು ಅಡಿ ಆಚೆಗೂ ನೀರು ಎಸೆಯುವಂಥದ್ದು.

ಆರ್ಡಿತ್ ಬೇಲಿಗೆ ಒರಗಿ ನಿಂತು ನೋಡಿದಳು. ಕಣ್ಣಲ್ಲೇ ಅಳೆದಳು. ಅಯ್ಯೋ ಮಂಕೇ, ಮೇ ತಿಂಗಳು ಬಂದರೆ ನನ್ನ ರೇನ್ ಗನ್ ನಿನ್ನ ಮೆಷಿನ್ನಿಗೆ ತಲೆಸ್ನಾನ ಮಾಡಿಸುತ್ತೆ ಅಂತ ಹೇಳೋಕೆ ಬಾಯಿ ತೆಗೆದಳು. ಅಷ್ಟರಲ್ಲಿ ಮರ್ಲ್ ಕೈ ಒರೆಸಿಕೊಳ್ಳುತ್ತಾ ಬಂದು, ತುಂಬ ಪ್ರೀತಿಯಿಂದಲೇ, "ದೊಡ್ಡಮ್ಮ, ಇನ್ಮೇಲೆ ನೀನು ಆರಾಮಾಗಿರು. ನಿನಗೆ ಇಲ್ಲಿ ಏನೂ ಕೆಲಸ ಇಲ್ಲ" ಅಂದ.

ಆರ್ಡಿತ್ ಬಾಯಿ ಮುಚ್ಚಿದಳು. ಸರಿಯಪ್ಪಾ, ಕೆಲಸ ಇಲ್ಲದವಳಿಗೆ ಮಾತೂ ಇಲ್ಲ ಅಂದುಕೊಂಡು ಮನೆಗೆ ಹೋದಳು. ಅವಳು ಮಾಡಿದ ತಪ್ಪು ಇಷ್ಟೇ. ಆದರೆ ಅದನ್ನು ಒಂದು ದಿನ ಮಾಡಿ ಬಿಟ್ಟವಳಲ್ಲ, ಐದು ತಿಂಗಳು ದಿನದಿನವೂ ಮಾಡಿದಳು.

ಬೇಸಿಗೆಯಲ್ಲಿ ಏನೂ ಆಗಲಿಲ್ಲ. ಜೂನ್‌ನಿಂದ ಸೆಪ್ಟೆಂಬರ್ ಇಪ್ಪತ್ತರವರೆಗೆ ಹೇಗೂ ಬೆಂಕಿಗೆ ಪೂರ್ತಿ ನಿಷೇಧ. ತೇವ ಎಷ್ಟೇ ಇರಲಿ, ಮುಳ್ಳು ಕೆಂಪಿನ ಮೇಲೇ. ರೇನ್ ಗನ್ ಮೆಷಿನ್ನಿಗೆ ಒಂದೊಂದು ಸಲ ನಸುಕಿನಲ್ಲಿ ನೀರೆರಚುತ್ತಿತ್ತು, ಒಂದೊಂದು ಸಲ ಊಟದ ಹೊತ್ತಿಗೆ. ಜುಲೈನಲ್ಲಿ ಒಂದು ಬೆಳಿಗ್ಗೆ ಮೋಡದ ಚೂರೂ ಇಲ್ಲದ ಆಕಾಶದ ಕೆಳಗೆ ಮೆಷಿನ್ ಕಾಲಂಗುಲ ಮಳೆ ಬಿದ್ದಿದೆ ಅಂತ ವರದಿ ಕೊಟ್ಟಿತು. ಮರ್ಲ್ ತಲೆ ಕೆರೆದುಕೊಂಡು, ಕಣಿವೆಯ ಆ ಮೂಲೆಯಲ್ಲಿ ಹವಾಮಾನವೇ ಬೇರೆ ಅಂತ ದಳದ ಗುರುವಾರದ ಸಭೆಯಲ್ಲಿ ಹೇಳಿದ. ಆರ್ಡಿತ್ ಕಾಫಿ ಲೋಟದಲ್ಲಿ ಮುಖ ಮುಚ್ಚಿಕೊಂಡಳು. ಇದು ಒಂದಲ್ಲ ಒಂದು ದಿನ ಸರಿಯಾಗಿ ಎರಡು ಗಂಟೆಗೆ ನೆನೆಯುತ್ತದೆ, ಅವತ್ತು ಊರೆಲ್ಲ ಸೇರಿ ನಗುತ್ತದೆ ಅಂತ ಕಾದಳು. ಗುರುವಾರದ ಸಭೆಯಲ್ಲಿ ಯಾವ ಮಾತಿನಿಂದ ಶುರು ಮಾಡಬೇಕು ಅಂತಲೂ ಪಾತ್ರೆ ತೊಳೆಯುತ್ತಾ ಅಭ್ಯಾಸ ಮಾಡಿಕೊಂಡಿದ್ದಳು.

ಆ ದಿನ ಸೆಪ್ಟೆಂಬರ್ ಇಪ್ಪತ್ತಾರು. ಹತ್ತು ವಾರದಿಂದ ಹನಿ ಮಳೆಯಿಲ್ಲ. ತುಟಿ ಒಡೆದು, ಬಾಗಿಲ ಹಿಡಿ ಮುಟ್ಟಿದರೆ ಚಟ್ ಅನ್ನುವಷ್ಟು ಒಣಗಾಳಿ. ಸಂಜೆ ಏಳರ ಮೇಲೆ ಪಶ್ಚಿಮದಿಂದ ಜೋರು ಗಾಳಿ ಬರುತ್ತದೆ ಅಂತ ಹವಾಮಾನದವರು ಹೇಳಿದ್ದರು. ಆರ್ಡಿತ್ ಎರಡು ಗಂಟೆಗೆ ಹಿತ್ತಿಲಲ್ಲಿ ನಿಂತು ತನ್ನ ಥರ್ಮಾಮೀಟರು ತಿರುಗಿಸಿದಳು. ಬೇಡ ಅಂದ ಮೇಲೂ ಅವಳು ಒಂದು ದಿನ ತಪ್ಪಿಸಿರಲಿಲ್ಲ. ಯಾರಿಗೂ ಕಾಣದ ಹಾಗೆ ಕೋಳಿಗೂಡಿನ ಹಿಂದೆ ಹೋಗಿ ಅಳೆಯುತ್ತಿದ್ದಳು, ಅಷ್ಟೆ. ಹನ್ನೊಂದು ಬಂತು. ಇನ್ನೊಮ್ಮೆ ತಿರುಗಿಸಿದಳು. ಹನ್ನೊಂದೇ.

ಒಳಗೆ ಬಂದು ದಿನದ ಹಾಗೆ ಮೆಷಿನ್ನಿಗೆ ಫೋನ್ ಮಾಡಿದಳು. ಆ ಹೆಂಗಸು ನಯವಾಗಿ, ತೇವ ನೂರಕ್ಕೆ ಎಂಬತ್ತೊಂದು, ಲಘು ಮಳೆಯಾಗಿದೆ, ಇಂದು ಹೊಲ ಸುಡಲು ಅನುಮತಿಯಿದೆ ಅಂದಳು.

ಆರ್ಡಿತ್ ನಕ್ಕಳು ನೋಡಿ, ಹೊಟ್ಟೆ ಹುಣ್ಣಾಗುವ ಹಾಗೆ ನಕ್ಕಳು. ಕುರ್ಚಿ ಎಳೆದು ಕೂತು ನಕ್ಕಳು. ಮತ್ತೊಂದು ಸಲ ಫೋನ್ ಮಾಡಿ ಲಘು ಮಳೆ ಅನ್ನುವುದನ್ನು ಇನ್ನೊಮ್ಮೆ ಕೇಳಿಸಿಕೊಂಡಳು. ಕಣ್ಣೊರೆಸಿಕೊಳ್ಳುತ್ತಾ ಕಿಟಕಿಯಾಚೆ ನೋಡಿದವಳಿಗೆ ರಸ್ತೆಯಾಚೆ ಲೈಲ್ ಕಂಡ.

ಲೈಲ್ ಟೀಗ್ ಅವಳ ಪಕ್ಕದ ಹೊಲದವನು, ಎಪ್ಪತ್ತೆರಡರ ಗೋಧಿ ರೈತ. ಕೊಯ್ಲಾದ ಗೋಧಿಯ ಕೂಳೆ ಇನ್ನೂರು ಎಕರೆ ನಿಂತಿತ್ತು. ಅದರ ಸುತ್ತ ಟ್ರ್ಯಾಕ್ಟರಿನಲ್ಲಿ ಒಂದು ಪಟ್ಟಿ ಮಣ್ಣು ಮಗುಚಿ ಮುಗಿಸಿ, ಬೆಂಕಿ ಹನಿಸುವ ಡಬ್ಬಗಳನ್ನು ಪಿಕಪ್ಪಿನಿಂದ ಇಳಿಸುತ್ತಿದ್ದ. ಆ ಹೊಲದಾಚೆ ಒಣಹುಲ್ಲಿನ ಗುಡ್ಡ. ಗುಡ್ಡದಾಚೆ ಪ್ಲಂಕೆಟ್ ಊರು, ಒಂದು ಶಾಲೆ, ಇಪ್ಪತ್ತಮೂರು ಮನೆ. ಪಶ್ಚಿಮದ ಗಾಳಿ ನೇರ ಅತ್ತಲೇ ಬೀಸುವುದು. ಗಾಳಿಗೆ ಸಂಜೆಯವರೆಗೆ ಕಾಯುವ ತಾಳ್ಮೆಯೂ ಇದ್ದಂತಿರಲಿಲ್ಲ, ಅವಳ ಅಂಗಳದ ಪಾಪ್ಲರ್ ಮರಗಳು ಆಗಲೇ ತಲೆ ಬಗ್ಗಿಸುತ್ತಿದ್ದವು.

ಆರ್ಡಿತ್‌ಳ ನಗು ಎಲ್ಲಿ ಹೋಯಿತೋ ಗೊತ್ತಿಲ್ಲ.

ಲೈಲ್‌ಗೆ ಫೋನ್ ಮಾಡಿದಳು. ಅವನ ಫೋನು ಅಡುಗೆಮನೆಯ ಗೋಡೆಯಲ್ಲಿ ಒಂದೇ ಸಮನೆ ಬಡಿದುಕೊಂಡು ಸುಮ್ಮನಾಯಿತು. ಓಡಿ ಹೋಗೋಣವೆಂದರೆ ಅರ್ಧ ಮೈಲಿ, ಅವಳ ಮಂಡಿ ಅದಕ್ಕೆ ಒಪ್ಪುವುದಿಲ್ಲ; ಪಿಕಪ್ಪಿನಲ್ಲಿ ಕಾಲುವೆ ಸುತ್ತಿ ಹೋಗುವಷ್ಟರಲ್ಲಿ ಅವನು ಹಚ್ಚಿ ಮುಗಿಸಿರುತ್ತಾನೆ. ಉಳಿದದ್ದು ದಳದ ರೇಡಿಯೊ. ರೇಡಿಯೊದಲ್ಲಿ ಆಡಿದ ಮಾತು ಮರ್ಲ್ ಒಬ್ಬನಿಗೆ ಹೋಗುವುದಲ್ಲ. ಕಣಿವೆಯ ಪ್ರತಿ ಅಡುಗೆಮನೆಯಲ್ಲೂ ಅದನ್ನು ಕದ್ದು ಕೇಳುವ ಡಬ್ಬಿಯೊಂದು ಬ್ರೆಡ್ ಡಬ್ಬದ ಮೇಲೆ ಕೂತಿರುತ್ತದೆ. ಇಲ್ಲಿನವರಿಗೆ ಧಾರಾವಾಹಿ ಅಂದರೆ ಅದೇ. ಆದರೂ ಅವಳು ಗುಂಡಿ ಒತ್ತಿದಳು.

ಮರ್ಲ್ ಶಾಲೆಯ ಮುಂದೆ ಬಸ್ಸಿನಲ್ಲಿ ಮಕ್ಕಳನ್ನು ಹತ್ತಿಸಿಕೊಳ್ಳುತ್ತಿದ್ದ. ಲೈಲ್ ಕೂಳೆಗೆ ಬೆಂಕಿ ಇಡೋಕೆ ಹೊರಟಿದ್ದಾನೆ, ಹೇಗಾದರೂ ನಿಲ್ಲಿಸು, ಗಾಡಿಗಳನ್ನು ಹೊರಡಿಸು ಅಂತ ಆರ್ಡಿತ್ ಹೇಳಿದಳು. ಮರ್ಲ್ ಶಾಂತವಾಗಿ, ಲೈಲ್ ಬೆಳಿಗ್ಗೆಯೇ ಹೇಳಿ ಹೋಗಿದ್ದಾನೆ, ಎರಡರ ತೇವ ಎಂಬತ್ತೊಂದು ಬಂದಿದೆ, ಎಲ್ಲಾ ಕ್ರಮವಾಗಿಯೇ ಇದೆ ಅಂದ.

"ಹನ್ನೊಂದಿದೆ," ಅಂದಳು ಆರ್ಡಿತ್.

ಮರ್ಲ್, ಹಟ ಹಿಡಿದ ಮಗುವನ್ನು ಸಮಾಧಾನ ಮಾಡುವ ದನಿಯಲ್ಲಿ, "ದೊಡ್ಡಮ್ಮ, ನಿನಗೆ ಬೇಜಾರಾಗಿದೆ ಅಂತ ನಂಗೊತ್ತು. ಗುರುವಾರ ಕೂತು ಮಾತಾಡೋಣ. ಈಗ ಲೈನ್ ಬಿಡು," ಅಂದ.

ಇಲ್ಲಿ ಸಿಕ್ಕಿಬಿದ್ದಳು ಅವಳು. ಹೊಟ್ಟೆಕಿಚ್ಚಿನ ಮುದುಕಿ ಒಂದು ಸಂಖ್ಯೆ ಹೇಳುತ್ತಾಳೆ, ಕಿಚ್ಚೇ ಇಲ್ಲದ ಮೆಷಿನ್ ಇನ್ನೊಂದು ಹೇಳುತ್ತದೆ. ಯಾರಾದರೂ ಯಾವುದನ್ನು ನಂಬುತ್ತಾರೆ? ನಂಬಿಸಬೇಕಾದರೆ ಮೆಷಿನ್ ಯಾಕೆ ತಪ್ಪು ಅಂತ ಹೇಳಬೇಕು. ಅದನ್ನು ಹೇಳಿದರೆ ತನಗೆ ಎಂದಿನಿಂದ ಗೊತ್ತಿತ್ತು ಅನ್ನುವುದೂ ಅದರ ಬಾಲ ಹಿಡಿದುಕೊಂಡೇ ಬರುತ್ತದೆ. ಮೂವತ್ತೊಂದು ವರ್ಷ ಒಂದು ಸುಳ್ಳು ಸಂಖ್ಯೆ ಹೇಳದೆ ಕೂಡಿಹಾಕಿಕೊಂಡ ಹೆಸರು, ಅಡುಗೆಮನೆ ಅಡುಗೆಮನೆಯಲ್ಲೂ ಒಂದೇ ನಿಮಿಷದಲ್ಲಿ ಮಣ್ಣುಪಾಲು. ಆಮೇಲೆ ಅವಳು ಗಡಿಯಾರ ನೋಡಿ ಎರಡು ಗಂಟೆ ಅಂದರೂ ಜನ ತಮ್ಮ ಗಡಿಯಾರ ನೋಡಿಕೊಳ್ಳುತ್ತಾರೆ. ಈಗ ಸುಮ್ಮನಿದ್ದುಬಿಟ್ಟರೆ ಯಾರಿಗೂ ಏನೂ ತಿಳಿಯುವುದಿಲ್ಲ. ಲೈಲ್ ಡಬ್ಬಗಳ ಮೇಲೆ ಬಗ್ಗಿದ್ದುದು ಅವಳಿಗೆ ಕಿಟಕಿಯಿಂದ ಕಾಣುತ್ತಿತ್ತು.

ಗುಂಡಿ ಒತ್ತಿದಳು.

"ಮರ್ಲ್, ಕೇಳು. ಎಲ್ಲರೂ ಕೇಳಿ, ಹೇಗೂ ಕೇಳ್ತಾನೇ ಇದ್ದೀರಲ್ಲ. ಮೆಷಿನ್ ಮೇಲೆ ಬೀಳ್ತಿರೋದು ಮಳೆ ಅಲ್ಲ, ನನ್ನ ರೇನ್ ಗನ್ ನೀರು. ಮೇ ತಿಂಗಳಿಂದ ಬೀಳ್ತಾ ಇದೆ. ಬೀಳುತ್ತೆ ಅಂತ ಏಪ್ರಿಲ್‌ನಲ್ಲೇ ನಂಗೆ ಗೊತ್ತಿತ್ತು. ನೀನು ಪೆದ್ದ ಆಗ್ಲಿ ಅಂತ ಬಾಯಿ ಮುಚ್ಕೊಂಡಿದ್ದೆ. ಇದಕ್ಕಿಂತ ಹೆಚ್ಚು ನಾಚಿಕೆ ಆಗೋ ಮಾತು ನನ್ನ ಹತ್ರ ಇಲ್ಲ. ಈಗ ಗಾಡಿ ಕಳಿಸು."

ಬಸ್ಸಿನಲ್ಲಿದ್ದ ಮಕ್ಕಳು ಓ ಅಂತ ಕೂಗಿದ್ದು ರೇಡಿಯೊದಲ್ಲಿ ಕೇಳಿಸಿತು. ಮರ್ಲ್ ಗಾಡಿ ಹೊರಡಿಸಿ ಅಂತ ದಳದವರಿಗೆ ಹೇಳಿದ. ಮರುಕ್ಷಣ ದಳದ ಸೈರನ್ ಊಳಿಡತೊಡಗಿತು.

ಆದರೆ ಲೈಲ್ ಆಗಲೇ ಬೆಂಕಿ ಇಟ್ಟಿದ್ದ. ಮೊದಲ ಹತ್ತು ನಿಮಿಷ ಅದು ಹೇಳಿದ ಮಾತು ಕೇಳುವ ಬೆಂಕಿಯಾಗಿತ್ತು, ಸಾಲು ಹಿಡಿದು ಶಿಸ್ತಾಗಿ ಉರಿಯಿತು. ಆಮೇಲೆ ಗಾಳಿ ಬಂತು, ಸಂಜೆ ಏಳಕ್ಕಲ್ಲ, ಎರಡು ಮುಕ್ಕಾಲಿಗೆ. ಬೆಂಕಿ ಮಣ್ಣಿನ ಪಟ್ಟಿಯನ್ನು ಚರಂಡಿ ದಾಟಿದಷ್ಟು ಸಲೀಸಾಗಿ ದಾಟಿ ಗುಡ್ಡದ ಹುಲ್ಲಿಗೆ ಹತ್ತಿಕೊಂಡಿತು. ಲೈಲ್ ಗೋಣಿಚೀಲದಿಂದ ಬಡಿಯುತ್ತಾ ಅದರ ಹಿಂದೆ ಓಡಿದ. ಎಪ್ಪತ್ತೆರಡು ವರ್ಷದವನಿಗೆ ಅಂಥ ಓಟ ಬರುತ್ತದೆ ಅಂತ ಯಾರಿಗೂ ಗೊತ್ತಿರಲಿಲ್ಲ, ಅವನಿಗೂ ಗೊತ್ತಿರಲಿಲ್ಲ.

ಆರ್ಡಿತ್ ತನ್ನ ಪಿಕಪ್ಪು ಓಡಿಸಿಕೊಂಡು ಶೆಡ್ಡಿಗೆ ಬಂದಾಗ ಎರಡೂ ಗಾಡಿ ಹೋಗಿದ್ದವು. ಹಾಲಿನ ಟ್ಯಾಂಕರ್ ಮಾತ್ರ ನಿಂತಿತ್ತು, ಅದನ್ನು ಓಡಿಸಬೇಕಾದ ಮರ್ಲ್ ಮಕ್ಕಳನ್ನು ಬಿಟ್ಟು ಬರುವ ಹಾಗಿರಲಿಲ್ಲ. ಅವಳೇ ಹತ್ತಿದಳು. ಆ ಗಾಡಿಯ ಗೇರು ಹಾಕೋಕೆ ಎರಡು ಕೈ ಮತ್ತು ನಾಲ್ಕು ಬೈಗುಳ ಬೇಕು, ಅವಳು ಎರಡನ್ನೂ ಧಾರಾಳವಾಗಿ ಕೊಟ್ಟಳು. ಗುಡ್ಡದ ಆಚೆ ಮಗ್ಗುಲಲ್ಲಿ, ಮೊದಲ ಮನೆಗೆ ಮುನ್ನೂರು ಗಜ ಈಚೆ, ಮಣ್ಣುರಸ್ತೆಯ ಉದ್ದಕ್ಕೂ ದಳದ ಹುಡುಗರು ಪೈಪು ಹಿಡಿದು ನಿಂತಿದ್ದರು. ನೀರು ಮುಗಿಯುತ್ತಾ ಬಂದಿತ್ತು. ಅವಳು ಟ್ಯಾಂಕರನ್ನು ಅವರ ಬೆನ್ನಿಗೇ ತಂದು ನಿಲ್ಲಿಸಿದಳು. ಮತ್ತೆ ಮೂರು ಸಲ ಕಾಲುವೆಗೆ ಹೋಗಿ ತುಂಬಿಕೊಂಡು ಬಂದಳು. ಅವಳ ಮುಖವನ್ನು ಯಾರೂ ನೋಡಲಿಲ್ಲ, ಅವಳೂ ಯಾರ ಮುಖ ನೋಡಲಿಲ್ಲ. ಐದು ಗಂಟೆಗೆ ಬೆಂಕಿ ರಸ್ತೆ ದಾಟಲಾರದೆ ಸತ್ತಿತು. ತೊಂಬತ್ತು ಎಕರೆ ಹುಲ್ಲು, ಅರವತ್ತು ಬೇಲಿ ಕಂಬ, ಲೈಲ್ ಗುಡ್ಡದ ಮೇಲೆ ಎಸೆದು ಮರೆತಿದ್ದ ಒಂದು ಸೋಫಾ ಸುಟ್ಟವು. ಮನೆಗಳು ಉಳಿದವು. ಹತ್ತು ನಿಮಿಷ ತಡವಾಗಿದ್ದರೆ ಉಳಿಯುತ್ತಿರಲಿಲ್ಲ ಅಂತ ಪೈಪು ಹಿಡಿದವರು ಆಮೇಲೆ ಹೇಳಿದರು. ಹತ್ತು ನಿಮಿಷ ಮುಂಚೆ ಹೇಳಬಹುದಿತ್ತು, ಐದು ತಿಂಗಳು ಮುಂಚೆಯೂ ಹೇಳಬಹುದಿತ್ತು ಅಂತ ಆರ್ಡಿತ್ ಒಳಗೊಳಗೇ ಲೆಕ್ಕ ಹಾಕಿದಳು.

ಪ್ಲಂಕೆಟ್ ದಳದಲ್ಲಿ ಒಂದು ಕಟ್ಟಳೆಯಿದೆ. ಯಾರ ತಪ್ಪಿನಿಂದ ಸೈರನ್ ಕೂಗಿತೋ ಅವರು ಮುಂದಿನ ಗುರುವಾರದ ಸಭೆಗೆ ದಳದವರಿಗೆಲ್ಲ ಹಿಟ್ಟಿನೊಳಗೆ ಹಣ್ಣು ತುಂಬಿ ಬೇಯಿಸಿದ ಪೈ ಮಾಡಿ ತರಬೇಕು. ಯಾರೂ ಬೈಯುವ ಹಾಗಿಲ್ಲ, ತಿನ್ನುವುದಷ್ಟೇ. ಬೈಸಿಕೊಂಡರೆ ಎಷ್ಟೋ ವಾಸಿ ಅಂತ ಪೈ ತಂದವರಿಗೆಲ್ಲ ಅನ್ನಿಸಿದ್ದುಂಟು.

ಆರ್ಡಿತ್ ಬುಧವಾರವಿಡೀ ಒಲೆಯ ಮುಂದೆ ನಿಂತು ನಾಲ್ಕು ಸೇಬಿನ ಪೈ ಮಾಡಿದಳು. ಮೊದಲನೆಯದಕ್ಕೆ ಸಕ್ಕರೆ ಬದಲು ಉಪ್ಪು ಬಿತ್ತು, ಕೋಳಿಗಳೂ ಮೂಸಿ ನೋಡಿ ದೂರ ಹೋದವು. ಗುರುವಾರ ಸಂಜೆ ಉಳಿದ ಮೂರನ್ನು ಹೊತ್ತು ಶೆಡ್ಡಿಗೆ ಹೋದರೆ ಮೇಜಿನ ಮೇಲೆ ಆಗಲೇ ಎರಡು ಚೆರ್ರಿ ಪೈ ಕೂತಿದ್ದವು. ಅವುಗಳ ಪಕ್ಕ ಲೈಲ್ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಕೂತಿದ್ದ.

ನಿಂದೇನು ತಪ್ಪು, ಮೆಷಿನ್ ಹಚ್ಚು ಅಂತು, ನೀನು ಹಚ್ಚಿದೆ, ಇದು ನನ್ನ ಪೈ ತರೋ ಸರದಿ, ಎತ್ಕೊಂಡು ಹೋಗು ಅಂತ ಆರ್ಡಿತ್ ಅವನನ್ನು ಗದರಿದಳು. ಲೈಲ್ ಜಾಗ ಬಿಟ್ಟು ಕದಲಲಿಲ್ಲ. ಬೆಂಕಿ ಇಟ್ಟ ಕೈ ನಂದು, ಬೇಕಾದ್ರೆ ನೀನು ಎತ್ಕೊಂಡು ಹೋಗು ಅಂದ. ದಳದವರು ಹೊಗೆಯಲ್ಲಿ ಕೆಂಪಾದ ಕಣ್ಣಿನಲ್ಲೇ ಈ ಪೈಪೋಟಿ ನೋಡಿ ಮೀಸೆಯಲ್ಲಿ ನಕ್ಕರು. ಅಷ್ಟರಲ್ಲಿ ಮರ್ಲ್ ಬಂದ. ಅವನ ಕೈಯಲ್ಲೂ ಒಂದು ಪೈ. ಪಕ್ಕದ ಪೇಟೆಯ ಅಂಗಡಿಯದು, ಬೆಲೆಚೀಟಿ ಅರ್ಧ ಕಿತ್ತು ಅರ್ಧ ಬಿಟ್ಟಿದ್ದ. ಮೆಷಿನ್ ನೆಡುವಾಗ ಹೊಲದವಳನ್ನು ಒಂದು ಮಾತು ಕೇಳದೆ ನೆಟ್ಟಿದ್ದು ತಾನು ಅಂತ ಹೇಳಿ ಅದನ್ನು ಮೇಜಿನ ಮೇಲಿಟ್ಟ. ದೊಡ್ಡಮ್ಮನ ಕಡೆ ನೋಡಲಿಲ್ಲ. ಅವನಿಗೆ ನೋವಾಗಿತ್ತು. ಪೆದ್ದ ಆಗ್ಲಿ ಅಂದದ್ದನ್ನು ಬಸ್ಸಿನ ಹದಿನಾಲ್ಕು ಮಕ್ಕಳು ಮೂರು ದಿನದಿಂದ ಅವನಿಗೆ ಒಪ್ಪಿಸುತ್ತಿದ್ದರು.

ಎಲ್ಲರೂ ತಿಂದರು. ಅಂಗಡಿಯದನ್ನೂ ಬಿಡಲಿಲ್ಲ. ತಟ್ಟೆಯಲ್ಲಿ ಚೂರು ಉಳಿದಾಗ ಲೈಲ್ ಆರ್ಡಿತ್‌ಳ ಪಕ್ಕ ಸರಿದು ಕೂತು, ಅವಳಿಗಷ್ಟೇ ಕೇಳುವ ಹಾಗೆ, "ಅವತ್ತು ಒಣಗಿತ್ತು ಅಂತ ನಂಗೆ ಗೊತ್ತಿರ್ಲಿಲ್ಲ ಅಂದ್ಕೊಂಡ್ಯಾ? ಬೆಳಿಗ್ಗೆ ಕೈ ಒಡೆದು ರಕ್ತ ಬಂದಿತ್ತು," ಅಂದ.

"ಮತ್ಯಾಕೆ ಹಚ್ಚಿದೆ?"

"ನಿನ್ನ ಕೇಳಿದ್ರೆ ಬೇಡ ಅಂತಿದ್ದೆ. ಅದಕ್ಕೇ ಮೆಷಿನ್ ಕೇಳಿದೆ."

ಆರ್ಡಿತ್ ಇನ್ನೊಂದು ತುಂಡು ಚೆರ್ರಿ ಪೈ ಕತ್ತರಿಸಿ ಅವನ ತಟ್ಟೆಗೆ ಹಾಕಿದಳು.

ಮರ್ಲ್ ಮೇಜು ಒರೆಸಿ, ರಾಜ್ಯ ಸರ್ಕಾರಕ್ಕೆ ಕಳಿಸಬೇಕಾದ ಬೆಂಕಿಯ ವರದಿ ಹರವಿಕೊಂಡ. ಇದನ್ನು ಎಲ್ಲರೆದುರೇ ಬರೆಯುವುದು ವಾಡಿಕೆ. ಬೆಂಕಿಗೆ ಕಾರಣ ಅಂತ ಒಂದು ಸಾಲು, ಮುಂದೆ ಚೌಕಗಳು: ಸಿಡಿಲು, ಸಿಗರೇಟು, ವಾಹನ, ಕಸ ಸುಡುವುದು. ಯಾವುದಕ್ಕೆ ಗುರುತು ಹಾಕಲಿ ಅಂತ ಕೇಳಿದ. ನೀರು ಅಂತ ಬರಿ ಅಂದ ಲೈಲ್. ಶೆಡ್ಡಿಗೆ ಶೆಡ್ಡೇ ನಕ್ಕಿತು. ಮರ್ಲ್ ಕೂಡ ಮೂರು ದಿನದಲ್ಲಿ ಮೊದಲ ಸಲ ನಕ್ಕ, ನಕ್ಕು ಕಸ ಸುಡುವುದಕ್ಕೆ ಗುರುತು ಹಾಕಿದ.

ಕೆಳಗಿನ ಸಾಲು ಮಧ್ಯಾಹ್ನ ಎರಡು ಗಂಟೆಯ ತೇವ. ಮರ್ಲ್‌ನ ಪೆನ್ನು ನಿಂತಿತು. ಮೆಷಿನ್ನಿನ ಅಚ್ಚಾದ ಹಾಳೆ ಅವನ ಮೊಣಕೈ ಪಕ್ಕದಲ್ಲೇ ಇತ್ತು. ನಗು ತಣ್ಣಗಾಯಿತು. ಆರ್ಡಿತ್ ತನ್ನ ಪೈ ತಟ್ಟೆಗಳನ್ನು ಒಂದರ ಮೇಲೊಂದು ಜೋಡಿಸಿಕೊಂಡು ಎದ್ದಳು. ಈ ಸಾಲು ತುಂಬುವಾಗ ಇಲ್ಲಿರುವ ಮುಖ ತನಗಿಲ್ಲ, ಇನ್ನು ಯಾವತ್ತೂ ಇರುವುದಿಲ್ಲ ಅನ್ನಿಸಿತು. ಬಾಗಿಲವರೆಗೂ ಹೋದಳು.

"ದೊಡ್ಡಮ್ಮ," ಅಂದ ಮರ್ಲ್, ತಲೆ ಎತ್ತದೆ. "ಅವತ್ತು ಎಷ್ಟಿತ್ತು?"

ಅವಳು ತಟ್ಟೆ ಹಿಡಿದುಕೊಂಡು ನಿಂತಳು. ಉಳಿದವರೆಲ್ಲ ಅವಳ ಕಡೆ ತಿರುಗಿದರು.

"ಹನ್ನೊಂದು," ಅಂದಳು.

ಮರ್ಲ್ ಹನ್ನೊಂದು ಅಂತ ಬರೆದ. ಮೊಣಕೈ ಪಕ್ಕದ ಹಾಳೆಯನ್ನು ತಿರುಗಿಸಿಯೂ ನೋಡಲಿಲ್ಲ. ಬರೆದು, ಗಾಳಿ ಯಾವ ಕಡೆಯಿಂದ ಅಂತ ಕೇಳಿದ.